ದಣಿದ ಪ್ಲಾಟಿನಂ ಕಣಗಳಿಗೆ ಮರುಜೀವ

ಪೆಟ್ರೋಲ್ ಬಂಕಿನಲ್ಲಿ ದೊರೆಯುವ ಇಂಧನದ ಗುಣಮಟ್ಟಕ್ಕೂ ದುಬಾರಿ ಲೋಹವಾದ ಪ್ಲಾಟಿನಂಗೂ ಹತ್ತಿರದ ನಂಟಿದೆ. ಕಚ್ಚಾ ತೈಲದಿಂದ ಬರುವ ನಾಫ್ತಾವನ್ನು ಹೆಚ್ಚು ಆಕ್ಟೇನ್‌ವುಳ್ಳ ಇಂಧನವಾಗಿ ಮಾರ್ಪಡಿಸುವ ಕ್ರಿಯೆಗೆ ಪ್ಲಾಟಿನಂ ವೇಗವರ್ಧಕ, ಅರ್ಥಾತ್ ಕ್ಯಾಟಲಿಸ್ಟ್. ಅಮೆರಿಕದ ಯುಒಪಿ ಕಂಪನಿಯ ವಿಜ್ಞಾನಿ ವ್ಲಾದಿಮಿರ್ ಹೆನ್ಸೆಲ್ ರೂಪಿಸಿದ ಈ ವಿಧಾನ 1949ರಲ್ಲಿ ವಾಣಿಜ್ಯ ಬಳಕೆಗೆ ಬಂದಿತು. ಭಾರತದಲ್ಲಿ 2000ರಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತ ಬಳಿಕ ಇದರ ಮಹತ್ವ ಇನ್ನಷ್ಟು ಹೆಚ್ಚಿತು.

ಸೊರಗುವುದೇಕೆ?

ಅಲ್ಯುಮಿನಾದ ಪುಟ್ಟ ಗುಂಡುಗಳ ಮೇಲೆ ಪ್ಲಾಟಿನಂ ಲೇಪನವಿರುತ್ತದೆ. ತೂಕದಲ್ಲಿ ಅದರ ಪಾಲು ಶೇ 1ಕ್ಕಿಂತಲೂ ಕಡಿಮೆ. ಕಣಗಳ ಗಾತ್ರ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಕಣ ಇಷ್ಟು ಕಿರಿದಾಗಿದ್ದರೆ ಅದರ ಬಹುಪಾಲು ಪರಮಾಣುಗಳು ಹೊರಮೈಯಲ್ಲೇ ಇರುತ್ತವೆ. ಕೆಲಸ ಮಾಡುವುದೂ ಅವು ಮಾತ್ರ.

ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದುಡಿಯುವ ಈ ಕಣಗಳಿಗೆ ಎರಡು ಕಂಟಕಗಳಿವೆ. ಒಂದು, ಅವುಗಳನ್ನು ಮುಚ್ಚಿಬಿಡುವ ಇಂಗಾಲದ ಪದರ. ಇನ್ನೊಂದು, ಕಣಗಳ ಪರಸ್ಪರ ವಿಲೀನ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಕೂಡಿಕೊಂಡು ದೊಡ್ಡದಾಗುವಂತೆ ಈ ಕಣಗಳೂ ಬೆಳೆಯುತ್ತವೆ. ಲೋಹ ಅಷ್ಟೇ ಇದ್ದರೂ ಹೊರಮೈ ಕುಗ್ಗುತ್ತದೆ. ಪರಮಾಣುಗಳು ಒಳಗೆ ಹುದುಗಿ ನಿರುಪಯುಕ್ತವಾಗುತ್ತವೆ.

ಸುಟ್ಟರಷ್ಟೇ ಸಾಲದು

ಇಂಗಾಲವನ್ನು ಮಿತವಾದ ಆಮ್ಲಜನಕ ಬಿಟ್ಟು ಸುಡಲಾಗುತ್ತದೆ. ಆದರೆ ಆ ಶಾಖದಿಂದ ವಿಲೀನ ಮತ್ತಷ್ಟು ಹೆಚ್ಚಬಹುದು. ಆದುದರಿಂದ ಮುಂದಿನ ಹಂತದಲ್ಲಿ ಆಮ್ಲಜನಕದೊಂದಿಗೆ ಕ್ಲೋರಿನ್ ಸಂಯುಕ್ತವನ್ನು ಹಾಯಿಸುತ್ತಾರೆ. ಆಗ ದಪ್ಪ ಕಣಗಳಿಂದ ಪ್ಲಾಟಿನಂ ಪರಮಾಣುಗಳು ಕ್ಲೋರಿನ್ ಮತ್ತು ಆಮ್ಲಜನಕಗಳೊಡನೆ ಬೆಸೆದುಕೊಂಡು ಬಿಡಿಬಿಡಿಯಾಗಿ ಹೊರಬಂದು ಅಲ್ಯುಮಿನಾದ ಮೇಲೆ ಹರಡಿ ಅಂಟಿಕೊಳ್ಳುತ್ತವೆ. ತೇವಾಂಶ ತೆಗೆದು ಜಲಜನಕ ಹಾಯಿಸಿದಾಗ ಅವು ಪುನಃ ಶುದ್ಧ ಲೋಹದ ನ್ಯಾನೊ ಕಣಗಳಾಗುತ್ತವೆ.

ಹಿಂದೆ ಇದಕ್ಕಾಗಿ ಘಟಕವನ್ನೇ ನಿಲ್ಲಿಸಬೇಕಿತ್ತು. 1971ರಲ್ಲಿ ಬಳಕೆಗೆ ಬಂದ ನಿರಂತರ ಪುನಶ್ಚೇತನ ವಿಧಾನದಲ್ಲಿ ಗುಂಡುಗಳು ರಿಯಾಕ್ಟರಿನಿಂದ ನಿಧಾನವಾಗಿ ಇಳಿದು, ಚೇತರಿಸಿಕೊಂಡು ಮರಳಿ ಒಳಸೇರುತ್ತವೆ. ಉತ್ಪಾದನೆ ನಿಲ್ಲುವುದಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿಯೂ ಇಂತಹ ಘಟಕಗಳಿವೆ.

ಮಿತಿಯೂ ಉಂಟು

ಈ ಮರುಜೀವಕ್ಕೂ ಕೊನೆಯುಂಟು. ಸುತ್ತು ಸುತ್ತಿಗೂ ಅಲ್ಯುಮಿನಾದ ಸೂಕ್ಷ್ಮ ರಂಧ್ರಗಳು ಕುಸಿಯುತ್ತ ಹೋಗುತ್ತವೆ. ಸೀಸ, ಆರ್ಸೆನಿಕ್‌ಗಳಂತಹ ವಿಷ ಲೋಹಕ್ಕೆ ತಗುಲಿದರೆ ಸುಟ್ಟು ತೆಗೆಯಲು ಬಾರದು. ಆಗ ಗುಂಡುಗಳನ್ನು ಹೊರತೆಗೆದು, ಅವುಗಳಲ್ಲಿನ ಪ್ಲಾಟಿನಂ ಅನ್ನು ರಾಸಾಯನಿಕವಾಗಿ ಬೇರ್ಪಡಿಸಿ ಹೊಸ ವೇಗವರ್ಧಕದ ತಯಾರಿಗೆ ಬಳಸಲಾಗುತ್ತದೆ. ಜಗತ್ತಿನ ಬಹುಪಾಲು ಪ್ಲಾಟಿನಂ ದಕ್ಷಿಣ ಆಫ್ರಿಕ ಒಂದರಿಂದಲೇ ಬರುತ್ತಿರುವಾಗ, ಒಮ್ಮೆ ಕೊಂಡ ಲೋಹವನ್ನು ಕೈಬಿಡದೆ ದುಡಿಸಿಕೊಳ್ಳುವುದು ತೈಲೋದ್ಯಮಕ್ಕೆ ಅನಿವಾರ್ಯ.