ಮನೆಯೊಳಗನ್ನು ತಿಳಿಸಿಕೊಡುವ ವೃತ್ತಿ

ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಒಂದು ಸಂಗತಿ ನಮ್ಮನ್ನು ಚಿಂತೆಗೀಡುಮಾಡುತ್ತದೆ. ಸಾಲಮಾಡಿ ಕಟ್ಟಿಸಿದ ಹೊಸ ಮನೆ. ಚಾವಡಿಯ ಗೋಡೆಗೆ ನುಣುಪಾದ ಗಾರೆ, ಬೆಲೆಬಾಳುವ ಬಣ್ಣ. ಆದರೆ ಮಗು ಓದಲು ಕುಳಿತುಕೊಳ್ಳುವ ಮೂಲೆಗೆ ಹಗಲಿನಲ್ಲಿಯೂ ದೀಪ ಬೇಕು; ಅಡುಗೆಮನೆಯ ಹೊಗೆಗೆ ಹೊರಹೋಗಲು ದಾರಿಯಿಲ್ಲ. ಇದು ಹಣದ ಕೊರತೆಯಲ್ಲ, ತಿಳಿವಳಿಕೆಯ ಕೊರತೆ. ಈ ತಿಳಿವಳಿಕೆಯನ್ನು ಜನರಿಗೆ ಹಂಚುವುದೂ ಒಂದು ವೃತ್ತಿಯೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

ಇದಕ್ಕೆ ಲಾರಿ ಬೇಕರರ ಜೀವನವೇ ನಿದರ್ಶನ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ಈ ವಾಸ್ತುಶಿಲ್ಪಿ 1945ರಲ್ಲಿ ಕುಷ್ಠರೋಗಿಗಳ ಸೇವಾಕಾರ್ಯಕ್ಕಾಗಿ ಭಾರತಕ್ಕೆ ಬಂದರು. ಹಿಮಾಲಯದ ಪಿತೋರಾಗಢದಲ್ಲಿ ಹಳ್ಳಿಗರ ಕಟ್ಟಡಗಳಿಂದ ತಾವೇ ಪಾಠ ಕಲಿತರು. ಬಳಿಕ ಕೇರಳದಲ್ಲಿ ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ನಿಧನರಾದರು. ಭಾರತ ಸರಕಾರವು 1990ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಅವರು ಮನೆಗಳನ್ನು ಕಟ್ಟಿದುದಷ್ಟೇ ಅಲ್ಲ. ಸಾಮಾನ್ಯರಿಗೂ ಅರ್ಥವಾಗುವಂತೆ ಸ್ವಹಸ್ತದಿಂದ ಚಿತ್ರ ಬರೆದು ಕಿರುಹೊತ್ತಗೆಗಳನ್ನು ರಚಿಸಿದರು. ಅವರ ಬೋಧೆಯ ಸಾರವಿಷ್ಟು: ಪ್ರತಿಯೊಂದು ವೆಚ್ಚಕ್ಕೆ ಮುನ್ನ ‘ಇದು ಅವಶ್ಯವೇ?’ ಎಂದು ಕೇಳಿಕೊಳ್ಳಿರಿ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಜಾಲಂಧ್ರವು ಬೆಳಕನ್ನೂ ಗಾಳಿಯನ್ನೂ ಒಳಗೆ ತರುತ್ತದೆ. ಕಿಟಕಿಯ ಮರದ ಖರ್ಚು ಉಳಿಯುತ್ತದೆ. ಗೋಡೆಯೊಂದಿಗೇ ಕಟ್ಟಿದ ಕಟ್ಟೆಯಿದ್ದರೆ ಕುರ್ಚಿ ಬೇಡ, ಗೂಡಿದ್ದರೆ ಕಪಾಟು ಬೇಡ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುವುದು. ಪೊಳ್ಳಿನ ಗಾಳಿಯು ಬಿಸಿಲಿನ ತಾಪವನ್ನು ತಡೆಯುವುದು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲವಾದ್ದರಿಂದ, ಕಂಬಿಗಳ ನಡುವೆ ಅದರ ಬದಲು ಹಳೆಯ ಮಂಗಳೂರು ಹಂಚುಗಳನ್ನು ಇಡಬಹುದು. ನಾವು ಹಿತ್ತಿಲಿಗೆಸೆಯುವ ಹಂಚಿಗೆ ಅವರು ಮರ್ಯಾದೆ ತಂದುಕೊಟ್ಟರು!

ಈ ವೃತ್ತಿಗೆ ಐದು ವರ್ಷಗಳ ವಾಸ್ತುಶಿಲ್ಪ ಪದವಿಯು ಒಂದು ದಾರಿ. ಅದಕ್ಕೆ ಗಣಿತವೂ ಪ್ರವೇಶ ಪರೀಕ್ಷೆಯೂ ಬೇಕು. ಆದರೆ ಮೇಸ್ತ್ರಿಗೂ ಮನೆಯ ತಾಯಿಗೂ ಮನಮುಟ್ಟುವಂತೆ ಹೇಳಬೇಕಾದರೆ ಅವರ ಮಾತೇ ಬೇಕು. ಕನ್ನಡದಲ್ಲಿ ಕಲಿತದ್ದು ಗಡಿನಾಡಿನಲ್ಲಿ ವ್ಯರ್ಥವೆಂದು ಕೊರಗುವ ಪೋಷಕರು ಇದನ್ನು ಯೋಚಿಸಬೇಕೆಂದು ನಮ್ಮ ವಿನಂತಿ.

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಮನೆಯ ನಕ್ಷೆಯನ್ನು ಬರೆಯಿರಿ. ಯಾವ ಮೂಲೆಗೆ ಎಷ್ಟು ಗಂಟೆಗೆ ಬೆಳಕು ಬರುತ್ತದೆಂದು ಗುರುತಿಸಿರಿ. ನಿಮ್ಮ ಓದುವ ಮಣೆಯನ್ನು ಅಲ್ಲಿಗೆ ಒಯ್ಯಿರಿ. ಅದಕ್ಕೆ ಕಾಸಿನ ಖರ್ಚೂ ಇಲ್ಲ.