ಹಿಮ್ಮಡಿಯ ನೋವು: ನಿಂತು ದುಡಿಯುವವರಿಗೊಂದು ಮಾತು

ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಅಂಗಾಲು. ಅವನ ಆಲೋಚನೆಯಲ್ಲಿಯೂ ಅದಕ್ಕೆ ದೊರೆತಿರುವ ಸ್ಥಾನ ಅದೇ. ತಲೆ ನೊಂದರೆ ಕೂಡಲೆ ಮಾತ್ರೆ ನುಂಗುತ್ತೇವೆ. ಹೊಟ್ಟೆ ಕೆಟ್ಟರೆ ಗಂಜಿ ಕುಡಿದು ಮಲಗುತ್ತೇವೆ. ಹಿಮ್ಮಡಿ ನೊಂದರೆ ಮಾತ್ರ ‘ನಡೆದಾಡಿದರೆ ಸರಿಹೋದೀತು’ ಎಂದು ತಿಂಗಳುಗಟ್ಟಲೆ ಕುಂಟುತ್ತೇವೆ. ಕಾಲನ್ನೇ ನಂಬಿ ಅನ್ನ ಸಂಪಾದಿಸುವ ನಮ್ಮ ಹೋಟೆಲು ಬಂಧುಗಳಲ್ಲಿ ಈ ಉದಾಸೀನ ಇನ್ನೂ ಹೆಚ್ಚೆಂಬುದು ಸೋಜಿಗದ ಸಂಗತಿ.

ದಿಲ್ಲಿಯಿಂದ ಗುರುಗ್ರಾಮವನ್ನು ದಾಟಿ ಜಯಪುರದ ದಾರಿ ಹಿಡಿದರೆ ಅರಾವಳಿಯ ಕುರುಚಲು ಗುಡ್ಡಗಳ ಮಗ್ಗುಲಲ್ಲಿ ಮಾನೇಸರ್ ಸಿಗುತ್ತದೆ. ಕಾರು, ಮೋಟಾರು ಸೈಕಲುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು, ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಕಾರ್ಖಾನೆಗಳು, ಅಲ್ಲಿ ದುಡಿಯುವವರ ಹಸಿವು ತಣಿಸುವ ಉಪಾಹಾರ ಗೃಹಗಳು—ಇವೇ ಆ ಊರಿನ ಇಂದಿನ ಸ್ವರೂಪ. ಅದರ ಮುಂದೆ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಮುಂಬಯಿ, ಪುಣೆಗಳನ್ನು ಹಾಯ್ದು, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ಮೂಲಕ ಬೆಂಗಳೂರನ್ನೂ ಮುಟ್ಟುತ್ತದೆ. ನಮ್ಮವರ ಪಾಲಿಗೆ ಅದು ಊರಿನ ದಾರಿ. ಆದರೆ ದೋಸೆಯ ಕಾವಲಿಯ ಮುಂದೆ ನಿಂತವನು ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡದೆ, ಎರಡು ಮೊಳ ನೆಲದ ಮೇಲೆಯೇ ದಿನವನ್ನು ಕಳೆಯುತ್ತಾನೆ.

ಕಳೆದ ಚಳಿಗಾಲದಲ್ಲಿ ಅಲ್ಲಿನ ಒಂದು ಉಪಾಹಾರ ಗೃಹದಲ್ಲಿ ನಾವು ಕಾಫಿ ಕುಡಿಯುತ್ತಿದ್ದಾಗ, ಕುಂದಾಪುರದ ಕಡೆಯ ಭಟ್ಟರೊಬ್ಬರು ಕಾವಲಿಯ ಬಳಿಯಿಂದ ಗೋಡೆ ಹಿಡಿದು ಬರುತ್ತಿದ್ದುದನ್ನು ಕಂಡೆವು. “ಏನು ಭಟ್ಟರೆ, ಕಾಲಿಗೇನಾಯಿತು?” ಎಂದೆವು.

“ಹಿಮ್ಮಡಿಗೆ ಮುಳ್ಳು ಹೊಕ್ಕ ಹಾಗೆ ಸ್ವಾಮಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಜೀವ ಹೋಗುತ್ತದೆ. ಕಾವಲಿ ಕಾಯುವ ಹೊತ್ತಿಗೆ ಸ್ವಲ್ಪ ಕಡಮೆ. ರಾತ್ರಿ ಪುನಃ ಅದೇ.”

“ಧಣಿಗಳಿಗೆ ಹೇಳಿದಿರಾ?”

“ಹೇಳಿದರೆ ಊರಿಗೆ ಹೋಗಿ ಗುಣ ಮಾಡಿಕೊಂಡು ಬಾ ಎಂದಾರು. ನಾನು ಬರುವಷ್ಟರಲ್ಲಿ ಇಲ್ಲಿ ಬೇರೆಯವನು ನಿಂತಿರುತ್ತಾನೆ. ಮಗಳ ಕಾಲೇಜಿನ ಫೀಸು ಕಟ್ಟುವವರು ಯಾರು?”

ಈ ಮಾತೇ ನಮ್ಮನ್ನು ಈ ಲೇಖನಕ್ಕೆ ತೊಡಗಿಸಿತು. ನೋವಿಗಿಂತ ನೋವನ್ನು ಹೇಳಿಕೊಳ್ಳುವ ಭಯವೇ ದೊಡ್ಡದಾದಾಗ, ತಿಳಿವಳಿಕೆಯಾದರೂ ಕೈಯಲ್ಲಿರಬೇಕಲ್ಲವೆ?

ಕಾರಣವೇನು?

ಹಿಮ್ಮಡಿಯ ಎಲುಬಿನಿಂದ ಹೊರಟು ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಒಂದು ಗಟ್ಟಿಯಾದ ನಾರಿನ ಪಟ್ಟಿ ಹಬ್ಬಿದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಬಿಗಿಹಿಡಿದಿರುವುದು ಅದೇ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗಿದರೆ ಪಟ್ಟಿ ಬಿಗಿಯುತ್ತದೆ, ಕಮಾನು ಏಳುತ್ತದೆ. ಹಿಕ್ಸ್ ಎಂಬ ಆಂಗ್ಲ ಪಂಡಿತನು 1954ರಲ್ಲಿ ಇದನ್ನು ಭಾರ ಎಳೆಯುವ ರಾಟೆಗೆ ಹೋಲಿಸಿ ವಿವರಿಸಿದನು. ದಿನವಿಡೀ ಕಲ್ಲುನೆಲದ ಮೇಲೆ ನಿಂತಾಗ, ಮೈತೂಕ ಏರಿದಾಗ, ಮೀನಖಂಡ ಬಿಗಿದು ಕಣಕಾಲು ಸಾಕಷ್ಟು ಬಾಗದಿದ್ದಾಗ, ಹಿಮ್ಮಡಿಗೆ ಅಂಟಿಕೊಂಡಿರುವ ಆ ಪಟ್ಟಿಯ ಬುಡ ಸವೆದು ನೋಯತೊಡಗುತ್ತದೆ. ವೈದ್ಯರು ಇದನ್ನು ‘ಪ್ಲಾಂಟರ್ ಫೇಶೈಟಿಸ್’ ಎನ್ನುತ್ತಾರೆ. ನಮ್ಮ ಸುಶ್ರುತ ಸಂಹಿತೆಯೂ ಪಾದವನ್ನು ವಿಷಮವಾಗಿ ಊರುವುದರಿಂದ ಹುಟ್ಟುವ ಇಂತಹ ಬೇನೆಯನ್ನು ‘ವಾತಕಂಟಕ’ ಎಂದು ಕರೆದಿದೆ. ಭಟ್ಟರು ಹೇಳಿದ ಮುಳ್ಳು ಆ ಹೆಸರಿನಲ್ಲಿಯೇ ಇದೆ.

ಬೆಳಗಿನ ಮೊದಲ ಹೆಜ್ಜೆಯೇ ಏಕೆ ಅಷ್ಟು ಕಠಿಣ? ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿರುತ್ತದೆ, ಪಟ್ಟಿ ಕುಗ್ಗಿರುತ್ತದೆ. ಎದ್ದೊಡನೆ ಮೈಭಾರವೆಲ್ಲ ಬಿದ್ದು ಅದು ಹಠಾತ್ತನೆ ಜಗ್ಗುತ್ತದೆ. ಕಛೇರಿಯ ಗುಮಾಸ್ತರು ನಿಂತು ದುಡಿಯುವವರಲ್ಲದಿದ್ದರೂ, ತಾಸುಗಟ್ಟಲೆ ಕುಳಿತು ಎದ್ದಾಗ ಅವರಿಗೂ ಹೀಗಾಗುವುದುಂಟು. ತೆಳುವಾದ ಗಟ್ಟಿ ಅಟ್ಟೆಯ ಬೂಟುಗಳೂ, ಬಸ್ಸಿನಲ್ಲಿ ನಿಂತು ಮಾಡುವ ಪ್ರಯಾಣವೂ ಉಳಿದುದನ್ನು ಪೂರೈಸುತ್ತವೆ.

ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯಲ್ಲಿ ಎಲುಬಿನ ಮೊಳಕೆಯೊಂದು ಕಾಣಿಸಿದರೆ ಹಲವರು ಹೌಹಾರುತ್ತಾರೆ. ಕೊಯ್ಸಬೇಕೇನೋ ಎಂದು ಹೆದರುತ್ತಾರೆ. ನೋವೇ ಇಲ್ಲದ ಅನೇಕರ ಕಾಲಿನಲ್ಲಿಯೂ ಇಂತಹ ಮೊಳಕೆ ಇರುತ್ತದೆ. ಅದೊಂದೇ ಕಾರಣಕ್ಕೆ ಕೊಯ್ಸಬೇಕಾದುದಿಲ್ಲ.

ಹಣ ಬೇಡದ ಉಪಾಯಗಳು

ಮೊದಲನೆಯದು ಹಾಸಿಗೆಯಿಂದ ಇಳಿಯುವ ಮುನ್ನವೇ ಮಾಡುವಂಥದು. ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ದಿಕ್ಕಿಗೆ ಎಳೆಯಬೇಕು. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿದುದು ಇನ್ನೊಂದು ಕೈಗೆ ತಿಳಿಯಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. 2003ರಲ್ಲಿ ಅಮೇರಿಕದಲ್ಲಿ ಹಳೆಯ ಹಿಮ್ಮಡಿ ನೋವಿನ 101 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, 8 ವಾರಗಳ ಕಾಲ ಹೀಗೆ ಮಾಡಿದವರಿಗೆ, ಮೀನಖಂಡವನ್ನು ಮಾತ್ರ ಎಳೆದುಕೊಂಡವರಿಗಿಂತ ಹೆಚ್ಚು ಗುಣ ಕಂಡಿತು.

ಎರಡನೆಯದು ಗೋಡೆಯ ವ್ಯಾಯಾಮ. ಎರಡೂ ಕೈಗಳನ್ನು ಗೋಡೆಗೆ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ಮಡಿಸದೆ, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಬೇಕು. ಮೀನಖಂಡ ಹಿಡಿದಂತಾದಾಗ ಅರ್ಧ ನಿಮಿಷ ನಿಲ್ಲಬೇಕು.

ಮೂರನೆಯದು ಪಾದಕ್ಕೆ ಬಲ ಕೊಡುವಂಥದು. ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಟವೆಲಿನ ಸುರುಳಿಯಿಟ್ಟು, ಗೋಡೆ ಹಿಡಿದು, ಒಂದೇ ಕಾಲಿನ ಮೇಲೆ ಮೂರು ಎಣಿಕೆಗೆ ಮೇಲೇರಿ, ಎರಡು ಎಣಿಕೆ ನಿಂತು, ಮೂರು ಎಣಿಕೆಗೆ ಇಳಿಯಬೇಕು. ಇದನ್ನು ದಿನ ಬಿಟ್ಟು ದಿನ ಮಾಡಬೇಕು. ಡೆನ್ಮಾರ್ಕಿನಲ್ಲಿ 48 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ತಿಂಗಳಿಗೆ ಇದರ ಗುಣವೇ ಮೇಲೆನಿಸಿತು. ವರ್ಷ ಕಳೆಯುವ ಹೊತ್ತಿಗೆ ಎಳೆತದ ವ್ಯಾಯಾಮ ಮಾಡಿದವರೂ ಇವರನ್ನು ಸರಿಗಟ್ಟಿದ್ದರು. ಒಂದು ಕಾಲಿನಿಂದಾಗದವರು ಎರಡೂ ಕಾಲಿನಿಂದ ಆರಂಭಿಸಬಹುದು.

ರಾತ್ರಿ ಕೆಲಸ ಮುಗಿದ ಮೇಲೆ, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಕುಳಿತು, ಹತ್ತು ನಿಮಿಷ ಅಂಗಾಲಿನ ಕೆಳಗೆ ಉರುಳಿಸಿದರೆ ನೋವು ಶಮನವಾಗುತ್ತದೆ. ಊರಿನಲ್ಲಿ ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಊರುವ ರೂಢಿಯಿದೆ. ಶಾಖ ಹಿತವೆನಿಸಬಹುದು, ಆದರೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುವುದರಿಂದ ಸುಟ್ಟರೂ ತಿಳಿಯದು. ಅವರು ಬಿಸಿ ಇಟ್ಟಿಗೆಯಿಂದಲೂ ಮಂಜುಗಡ್ಡೆಯಿಂದಲೂ ದೂರವಿರುವುದೇ ಕ್ಷೇಮ.

ಪಾದರಕ್ಷೆಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಅಡಿಗೆಮನೆಯಲ್ಲಿ ನಮ್ಮವರು ತೊಡುವುದು ಹಿಮ್ಮಡಿಯಲ್ಲಿ ಕಾಗದದಷ್ಟು ಸವೆದ ಹವಾಯಿ ಚಪ್ಪಲಿ; ಕೆಲವರಿಗೆ ಅದೂ ಇಲ್ಲ. ಹಿಮ್ಮಡಿಯಡಿ ಮೆತ್ತನೆಯ ದಪ್ಪ ಅಟ್ಟೆಯೂ, ಕಮಾನಿಗೆ ಆಸರೆಯೂ ಇರುವ, ಜಾರದ ಬೂಟು ಅವಶ್ಯ. ಬೂಟಿನೊಳಗೆ ಇಡುವ ಸಿದ್ಧ ಮೆತ್ತೆಗಳು ಅಂಗಡಿಗಳಲ್ಲಿ ಸಿಗುತ್ತವೆ. ಅಳತೆ ಕೊಟ್ಟು ಮಾಡಿಸುವ ದುಬಾರಿ ಮೆತ್ತೆಗಳಿಂದ ಅವಕ್ಕಿಂತ ಹೆಚ್ಚಿನ ಗುಣವೇನೂ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಮಾನೇಸರಿನ ಚಳಿಯಲ್ಲಿ ಬರಿಗಾಲನ್ನು ತಣ್ಣನೆಯ ನೆಲಕ್ಕಿಡದೆ, ಚಪ್ಪಲಿಯನ್ನು ಹಾಸಿಗೆಯ ಬಳಿಯೇ ಇಟ್ಟುಕೊಳ್ಳಬೇಕು.

ಇವೆಲ್ಲವೂ ನಾಲ್ಕು ದಿನದಲ್ಲಿ ಫಲ ಕೊಡುವಂಥವಲ್ಲ. ಹತ್ತರಲ್ಲಿ ಎಂಟು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ವಾಸಿಯಾಗುತ್ತದೆಂಬುದು ವೈದ್ಯರ ಲೆಕ್ಕ. ಬೇಕಾದುದು ತಾಳ್ಮೆ.

ವೈದ್ಯರಲ್ಲಿಗೆ ಯಾವಾಗ?

ಪಾದ ಜೋಮು ಹಿಡಿದರೆ ಅಥವಾ ಉರಿದರೆ, ಹಿಮ್ಮಡಿ ಊದಿ ಕೆಂಪೇರಿದರೆ, ಜ್ವರ ಬಂದರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಬಿದ್ದು ಪೆಟ್ಟಾದ ಮೇಲೆ ಕಾಲೂರಲಾಗದಿದ್ದರೆ ತಡಮಾಡಬಾರದು. ಎರಡೂ ಹಿಮ್ಮಡಿಗಳ ನೋವಿನೊಡನೆ ಬೆಳಗಿನ ಹೊತ್ತು ಸೊಂಟವೂ ಬಹಳ ಹೊತ್ತು ಬಿಗಿದಿರುವ ತರುಣರು ವಾತರೋಗದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಔಷಧದ ಅಂಗಡಿಯವನು ಕೊಟ್ಟ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ಹಿಮ್ಮಡಿಗೆ ಚುಚ್ಚುವ ಸ್ಟಿರಾಯಿಡ್ ಸೂಜಿಮದ್ದು ಕೆಲವು ವಾರ ನೆಮ್ಮದಿ ಕೊಡಬಹುದು; ಪದೇ ಪದೇ ಚುಚ್ಚಿಸಿಕೊಂಡರೆ ಪಟ್ಟಿಯೇ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವುಂಟು.

ಖರ್ಚಿನ ಚಿಂತೆಯುಳ್ಳವರು ಈ.ಎಸ್.ಐ. ಯೋಜನೆಯನ್ನು ನೆನೆಯಬೇಕು. ಅದರ ಸಂಬಳದ ಮಿತಿ 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿತು. 2019ರ ಜುಲೈಯಿಂದ ನೌಕರನ ವಂತಿಗೆ ಸಂಬಳದ ನೂರಕ್ಕೆ 0.75, ಮಾಲೀಕನದು 3.25. ಚಿಕಿತ್ಸೆಯಲ್ಲದೆ, ವಂತಿಗೆಯ ನಿಯಮ ಪೂರೈಸಿದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ದೊರೆಯುತ್ತದೆ. ಸಂಬಳದ ಚೀಟಿಯಲ್ಲಿ ಈ ವಂತಿಗೆ ಕಾಣದಿದ್ದರೆ ಕೇಳಿ ತಿಳಿಯುವುದು ಉದ್ಧಟತನವಲ್ಲ.

ಕುಳಿತುಕೊಳ್ಳುವ ಹಕ್ಕು

ಆದರೆ ವ್ಯಾಯಾಮವೆಷ್ಟು ಮಾಡಿದರೂ ಹನ್ನೆರಡು ತಾಸು ನಿಲ್ಲಿಸಿದರೆ ಕಾಲು ಉಳಿದೀತೆ? 1948ರ ಕಾರ್ಖಾನೆ ಕಾಯ್ದೆಯೇ, ನಿಂತು ದುಡಿಯಬೇಕಾದವರು ಬಿಡುವು ಸಿಕ್ಕಾಗ ಕುಳಿತುಕೊಳ್ಳಲು ಆಸನಗಳಿರಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯಲ್ಲಿಯೂ ಈ ವಿಧಿ ಉಳಿದಿದೆ. ಕೇರಳದಲ್ಲಿ ಜವಳಿ ಅಂಗಡಿಗಳ ಮಾರಾಟಗಾರ್ತಿಯರು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಅಂಗಡಿ ಕಾಯ್ದೆಗೆ ತಿದ್ದುಪಡಿಯಾಗಿ ಅವರಿಗೆ ಕುಳಿತುಕೊಳ್ಳುವ ಹಕ್ಕು ಬಂದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಒಂದು ಕುರ್ಚಿಗಾಗಿ ಕಾನೂನು ಬೇಕಾಯಿತೆಂಬುದು ನಗುವ ಮಾತಲ್ಲ.

ಹೋಟೆಲಿನ ಧಣಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರು ಒಂದು ಕಾಲದಲ್ಲಿ ಲೋಟ ತೊಳೆದು ಮೇಲೆ ಬಂದವರು. ನಿಂತ ಕಾಲಿನ ನೋವು ನಿಮಗೆ ಹೊಸದಲ್ಲ. ಕಾವಲಿಯ ಮುಂದೆ ಒಂದು ದಪ್ಪ ರಬ್ಬರು ಚಾಪೆ, ಕಾಲನ್ನು ಬದಲಿಸಿ ಇಡಲು ಒಂದು ಗಿಡ್ಡ ಮಣೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂರಲು ಒಂದು ಸ್ಟೂಲು—ಇವುಗಳ ಬೆಲೆ, ಕೈಪಳಗಿದ ಭಟ್ಟನೊಬ್ಬನನ್ನು ಕಳೆದುಕೊಳ್ಳುವ ನಷ್ಟಕ್ಕಿಂತ ಬಹಳ ಕಡಮೆ.

ಇತ್ತೀಚೆಗೆ ನಾವು ಮತ್ತೆ ಮಾನೇಸರಿಗೆ ಹೋಗಿದ್ದೆವು. ಭಟ್ಟರ ಕಾಲಿನಲ್ಲಿ ಮೆತ್ತನೆಯ ಬೂಟು, ಕಾವಲಿಯ ಪಕ್ಕದಲ್ಲಿ ಒಂದು ಸ್ಟೂಲು. ಅವರಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಸಪ್ಲೈಯರ್ ಹುಡುಗರೇ ಸೇರಿ ಧಣಿಗಳಿಗೆ ಹೇಳಿದರಂತೆ. “ಪೂರಾ ಹೋಗಿಲ್ಲ ಸ್ವಾಮಿ. ಆದರೆ ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುತ್ತೇನೆ,” ಎಂದರು ಭಟ್ಟರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಪರಊರಿನಲ್ಲಿ ನಮ್ಮವರ ಹಾಸಿಗೆ ಸಣ್ಣದೇ ಇರಬಹುದು. ಚಾಚುವ ಕಾಲಾದರೂ ನೋಯದಂತಿರಲಿ.