ಗೋಡೆ ದಾಟುವ ಅಲೆಗೆ ಬೀಗ

ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡಿನ ಪಕ್ಕದಲ್ಲೇ ಕಾಣುವ ಡಬ್ಲ್ಯುಇಪಿ, ಡಬ್ಲ್ಯುಪಿಎ, ಡಬ್ಲ್ಯುಪಿಎ2 ಎಂಬ ಅಕ್ಷರಗುಚ್ಛಗಳನ್ನು ಬಹುತೇಕರು ಓದದೆಯೇ ದಾಟಿಹೋಗುತ್ತಾರಾದರೂ, ವೈಫೈಗೆ ಬೀಗ ಹಾಕಲು ನಡೆದ ಪ್ರಯತ್ನಗಳ ಇತಿಹಾಸವೆಲ್ಲ ಆ ಪುಟ್ಟ ಪಟ್ಟಿಯಲ್ಲೇ ಅಡಗಿದೆ. ತಂತಿಯ ಜಾಲಕ್ಕೆ ಕಟ್ಟಡದ ಗೋಡೆಯೇ ಕಾವಲು; ರೇಡಿಯೊ ಅಲೆಯಾದರೋ ಗೋಡೆ ದಾಟಿ ಬೀದಿಗೂ ಹೋಗುತ್ತದೆ. ಆದ್ದರಿಂದ 1997ರಲ್ಲಿ 802.11 ಎಂಬ ಮೊದಲ ಮಾನದಂಡವನ್ನು ರೂಪಿಸಿದವರು, ಕೀಲಿಯಿಲ್ಲದವರಿಗೆ ಸಂದೇಶ ಅರ್ಥವಾಗದಂತೆ ಮಾಡುವ ಗೂಢಲಿಪೀಕರಣ ಕ್ರಮವೊಂದನ್ನು ಅದರಲ್ಲಿ ಅಳವಡಿಸಿ, ‘ತಂತಿಗೆ ಸಮನಾದ ಗೋಪ್ಯತೆ’ ಎಂಬರ್ಥದ ಡಬ್ಲ್ಯುಇಪಿ ಎಂಬ ಹೆಸರನ್ನಿಟ್ಟರು.

ಹೆಸರಿನಷ್ಟು ಗಟ್ಟಿತನ ಅದಕ್ಕಿರಲಿಲ್ಲ. ಅಮೆರಿಕದ ಅಂದಿನ ರಫ್ತು ನಿರ್ಬಂಧಗಳ ಕಾರಣದಿಂದ ಮೂಲ ಕೀಲಿಯ ಉದ್ದ 40 ಬಿಟ್‌ಗೆ ಸೀಮಿತವಾಗಿತ್ತು. ಆದರೆ ನಿಜವಾದ ದೋಷವಿದ್ದದ್ದು ಬೇರೆಡೆ. ಪ್ರತಿಯೊಂದು ಪ್ಯಾಕೆಟ್‌ಗೂ ಗುಪ್ತ ಕೀಲಿಯ ಜೊತೆಗೆ 24 ಬಿಟ್‌ಗಳ ಒಂದು ಸಂಖ್ಯೆಯನ್ನು ಸೇರಿಸಲಾಗುತ್ತಿತ್ತು. ಅಂಥ ಸಂಖ್ಯೆಗಳು ಒಟ್ಟು 1,67,77,216 ಮಾತ್ರವೇ ಇರುವುದರಿಂದ, ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ ಬಿಡುವಿಲ್ಲದೆ ದುಡಿಯುವ ಜಾಲದಲ್ಲಿ ಅವು ಸುಮಾರು ಐದು ಗಂಟೆಗಳಲ್ಲಿ ಮುಗಿದು, ಹಳೆಯವೇ ಮರುಕಳಿಸುತ್ತಿದ್ದವು. ಒಂದೇ ಸಂಖ್ಯೆ ಎರಡು ಸಲ ಬಂದಾಗ ಎರಡು ಸಂದೇಶಗಳ ಮೇಲಿನ ಮುಸುಕೂ ಒಂದೇ ಆಗುತ್ತದೆ. ಅವೆರಡನ್ನೂ ಜೋಡಿಸಿದರೆ ಮುಸುಕು ರದ್ದಾಗಿ ಒಳಗಿನ ಸಂದೇಶಗಳ ಸುಳಿವು ಸಿಗುತ್ತದೆ. 2001ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಒಂದು ಹೆಜ್ಜೆ ಮುಂದೆ ಹೋಗಿ, ಕೀಲಿಯನ್ನೇ ಪತ್ತೆಹಚ್ಚುವ ದಾರಿಯನ್ನು ತೋರಿಸಿದರು.

ಅಷ್ಟರಲ್ಲಿ ಹಳೆಯ ಸಾಧನಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾಗಿದ್ದವು. ಅವುಗಳಲ್ಲೇ ನಡೆಯಬಲ್ಲ ತಾತ್ಕಾಲಿಕ ತೇಪೆಯಾಗಿ 2003ರಲ್ಲಿ ಡಬ್ಲ್ಯುಪಿಎ ಬಂದರೆ, ಎಇಎಸ್ ಎಂಬ ಗಟ್ಟಿ ಗೂಢಲಿಪಿಯನ್ನು ನೆಚ್ಚಿದ ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ. ಬೀಗವೇ ಇಲ್ಲದ ವೈಫೈನ ಅಪಾಯ ಭಾರತದಲ್ಲಿ ಸುದ್ದಿಯಾದದ್ದು 2008ರಲ್ಲಿ, ಅಹಮದಾಬಾದ್ ಸ್ಫೋಟಗಳಿಗೆ ಸಂಬಂಧಿಸಿದ ಇಮೇಲ್ ನವಿ ಮುಂಬೈನ ಮನೆಯೊಂದರ ಸಂಪರ್ಕದ ಮೂಲಕ ಹೋಗಿದ್ದಾಗ.

ಬೀಗ ಗಟ್ಟಿಯಾದ ಮೇಲೆ, ಜನರಿಗೆ ಉದ್ದದ ಪಾಸ್‌ವರ್ಡ್ ಕಷ್ಟವೆಂದು ತಯಾರಕರೇ ಹಿಂಬಾಗಿಲು ತೆರೆದದ್ದು ಈ ಕಥೆಯ ವಿಚಿತ್ರ ಭಾಗ. ಡಬ್ಲ್ಯುಪಿಎಸ್ ಎಂಬ ಸೌಲಭ್ಯದಲ್ಲಿ ಎಂಟು ಅಂಕಿಗಳ ಪಿನ್ ಕೊಟ್ಟರೆ ಸಾಕು. ಎಂಟು ಅಂಕಿಗಳೆಂದರೆ ಹತ್ತು ಕೋಟಿ ಸಾಧ್ಯತೆಗಳೆಂದು ತೋರುತ್ತದೆ. ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕಿ ಬರುವಂಥದ್ದು, ಮೇಲಾಗಿ ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ರೌಟರ್ ಪ್ರತ್ಯೇಕವಾಗಿ ತಿಳಿಸಿಬಿಡುತ್ತಿತ್ತು. ಹಾಗಾಗಿ ಮೊದಲರ್ಧಕ್ಕೆ 10,000, ಉಳಿದ ಮೂರು ಅಂಕಿಗಳಿಗೆ 1,000, ಒಟ್ಟು 11,000 ಪ್ರಯತ್ನಗಳಲ್ಲಿ ಬಾಗಿಲು ತೆರೆಯುತ್ತದೆಂಬುದು 2011ರಲ್ಲಿ ಬಯಲಾಯಿತು. ಡಬ್ಲ್ಯುಪಿಎ2 ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು. ಪಿನ್ ಸೌಲಭ್ಯವನ್ನು ಆರಿಸಿಡುವುದೇ ಪರಿಹಾರ.

2018ರಲ್ಲಿ ಬಂದ ಡಬ್ಲ್ಯುಪಿಎ3, ಒಮ್ಮೆ ಗಾಳಿಯಲ್ಲಿ ಹಿಡಿದಿಟ್ಟ ಸಂಕೇತಗಳ ಮೇಲೆ ಮನೆಯಲ್ಲಿ ಕೂತು ಲಕ್ಷಗಟ್ಟಲೆ ಪಾಸ್‌ವರ್ಡ್‌ಗಳನ್ನು ಊಹಿಸಿನೋಡುವ ದಾರಿಯನ್ನು ಮುಚ್ಚಿತು. ಆದರೂ ಹಳೆಯ ಕ್ರಮವಷ್ಟೇ ಗೊತ್ತಿರುವ ಒಂದು ಪ್ರಿಂಟರ್‌ಗಾಗಿ ಇಡೀ ಅಂಗಡಿಯ ಜಾಲವನ್ನೇ ಹಳೆಯ ಮಟ್ಟಕ್ಕೆ ಇಳಿಸುವ ರೂಢಿ ಹೋಗಿಲ್ಲ. ಆ ಪ್ರಿಂಟರನ್ನು ಬೇರೆ ಹೆಸರಿನ ಪ್ರತ್ಯೇಕ ಜಾಲಕ್ಕೆ ಸರಿಸಲು ಅನೇಕ ರೌಟರ್‌ಗಳಲ್ಲಿ ಅನುಕೂಲವಿದ್ದರೂ ಆ ಪುಟವನ್ನು ತೆರೆದು ನೋಡುವವರು ವಿರಳ.